ಕೈ ಕಟ್ಟಿ ಕೂರುವ ಕೆಲಸ

ಸೆಫ್ ಎಂಬ ಸ್ಟೋರೇಜ್ ತಂತ್ರಾಂಶದಲ್ಲಿ ಒಂದು ಪೂಲನ್ನು, ಅಂದರೆ ಡೇಟಾ ತುಂಬಿಟ್ಟ ಒಂದು ವಿಭಾಗವನ್ನು, ಅಳಿಸಬೇಕಾದರೆ ಅದರ ಹೆಸರನ್ನು ಎರಡು ಸಲ ಬರೆಯಬೇಕು. ಬರೆದ ಮೇಲೆ ಎರಡು ಅಡ್ಡಗೆರೆ ಹಾಕಿ 'ಯೆಸ್-ಐ-ರಿಯಲಿ-ರಿಯಲಿ-ಮೀನ್-ಇಟ್' ಎಂದು ಒಂದಕ್ಷರ ಬಿಡದೆ ಟೈಪ್ ಮಾಡಬೇಕು. ಸತ್ತ ಡಿಸ್ಕೊಂದನ್ನು ಪಟ್ಟಿಯಿಂದ ಶಾಶ್ವತವಾಗಿ ತೆಗೆದುಹಾಕಲು ಒಂದು 'ರಿಯಲಿ' ಸಾಕು; ಪೂಲಿಗೆ ಎರಡು. ಯಾವ ಅನಾಹುತಕ್ಕೆ ಎಷ್ಟು 'ರಿಯಲಿ' ಎಂದು ಕೂತು ಗೊತ್ತುಮಾಡಿದ ಪುಣ್ಯಾತ್ಮರ ಬಗ್ಗೆ ನನಗೆ ತುಂಬ ಗೌರವ. ಇಷ್ಟೆಲ್ಲ ಆಣೆ ಪ್ರಮಾಣ ಮಾಡಿದರೂ ಪೂಲ್ ಅಳಿಯುವುದಿಲ್ಲ, ಆ ಮಾತು ಬೇರೆ. ಅಳಿಸಲು ಅನುಮತಿ ಉಂಟೇ ಎಂಬ ಇನ್ನೊಂದು ಸೆಟ್ಟಿಂಗ್ ಒಳಗೆಲ್ಲೋ ಕೂತಿದೆ. ಅದು ಮೊದಲಿನಿಂದಲೂ 'ಇಲ್ಲ' ಎಂದೇ ಇರುತ್ತದೆ. ಅದನ್ನು ಹುಡುಕಿ 'ಹೌದು' ಮಾಡಿ ಬರುವಷ್ಟರಲ್ಲಿ ಅರ್ಧ ಜನಕ್ಕೆ ಅಳಿಸುವ ಹುಮ್ಮಸ್ಸೇ ಇಳಿದುಹೋಗಿರುತ್ತದೆ. ಉದ್ದೇಶವೂ ಅದೇ ಇರಬೇಕು.

ಮದುವೆ ಮನೆಯಲ್ಲಿ ಪಕ್ಕದ ಎಲೆಯವರು ಕೇಳುವ ಪ್ರಶ್ನೆಗೆ ನನ್ನ ಹತ್ತಿರ ಇವತ್ತಿಗೂ ನೆಟ್ಟಗಿನ ಉತ್ತರವಿಲ್ಲ. 'ಏನು ಕೆಲಸ?' ಎಂದರೆ 'ಕಂಪ್ಯೂಟರು' ಎಂದು ಪಾರಾಗಬಹುದು. 'ಸಾಫ್ಟ್‌ವೇರಾ, ಹಾರ್ಡ್‌ವೇರಾ?' ಎಂದರೆ ತಡವರಿಸಬೇಕಾಗುತ್ತದೆ. ಹತ್ತಾರು ಸರ್ವರ್ ಪೆಟ್ಟಿಗೆಗಳು, ಒಂದೊಂದರಲ್ಲೂ ಹನ್ನೆರಡೋ ಇಪ್ಪತ್ತನಾಲ್ಕೋ ಡಿಸ್ಕುಗಳು, ಎಲ್ಲವೂ ಸೇರಿ ಒಂದೇ ದೊಡ್ಡ ಡಿಸ್ಕಿನ ಹಾಗೆ ನಡೆದುಕೊಳ್ಳುತ್ತವೆ, ಅದನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಹೇಳಿ ಮುಗಿಸುವಷ್ಟರಲ್ಲಿ ಸಾರು ಬಂದಿರುತ್ತದೆ. ಒಬ್ಬ ಹಿರಿಯರು ಮಾತ್ರ ಸಾರಿಗೂ ಜಗ್ಗಲಿಲ್ಲ. 'ನೋಡ್ಕೊಳ್ಳೋದು ಅಂದ್ರೆ? ಕೆಟ್ಟರೆ ರಿಪೇರಿ ಮಾಡ್ತೀಯಾ?' ಎಂದರು. ಇಲ್ಲ, ಅದೇ ರಿಪೇರಿ ಮಾಡಿಕೊಳ್ಳುತ್ತದೆ ಎಂದೆ. 'ಮತ್ತೆ ನೀನು?' ಎಂದರು. ಆ ಹೊತ್ತಿಗೆ ಹೋಳಿಗೆಯವನು ಬಂದು ಕಾಪಾಡಿದ. ನಿಜ ಹೇಳಬೇಕೆಂದರೆ ನಾನು ಸುಮ್ಮನಿರುತ್ತೇನೆ. ಸಂಬಳ ಕೊಡುವುದೂ ಬಹುಪಾಲು ಅದಕ್ಕೇ.

ಸುಮ್ಮನಿರುವುದು ಸುಲಭವೆಂದು ತಿಳಿದವರು ರಾತ್ರಿ ಮೂರು ಗಂಟೆಯಲ್ಲಿ ಅದನ್ನು ಮಾಡಿ ನೋಡಬೇಕು. ಫೋನು ಕಿರುಚುತ್ತದೆ. ಲ್ಯಾಪ್‌ಟಾಪ್ ತೆರೆದು ಕಪ್ಪು ಪರದೆಯ ಮೇಲೆ 'ಸೆಫ್ ಡ್ಯಾಶ್ ಎಸ್' ಎಂದು ಹೊಡೆದರೆ 'ಹೆಲ್ತ್ ವಾರ್ನ್, 1 ಓಎಸ್‌ಡಿ ಡೌನ್' ಎಂದು ಬರುತ್ತದೆ. ಓಎಸ್‌ಡಿ ಎಂದರೆ ಒಂದೊಂದು ಡಿಸ್ಕಿಗೂ ಒಂದರಂತೆ ಕಾವಲಿಗಿಟ್ಟ ಪ್ರೋಗ್ರಾಮು. ಈ ಓಎಸ್‌ಡಿಗಳು ಆರಾರು ಸೆಕೆಂಡಿಗೆ ಪರಸ್ಪರ 'ಇದ್ದೀಯಾ?' ಎಂದು ಕೇಳಿಕೊಳ್ಳುತ್ತಲೇ ಇರುತ್ತವೆ. 20 ಸೆಕೆಂಡು ಉತ್ತರ ಬರದಿದ್ದರೆ ಮಾನಿಟರ್ ಎಂಬ ಮೇಲ್ವಿಚಾರಕ ಪ್ರೋಗ್ರಾಮಿಗೆ ದೂರು ಹೋಗುತ್ತದೆ. ಮಾನಿಟರ್ ಚಾಡಿ ಮಾತಿಗೆ ಕಿವಿಗೊಡುವ ಪೈಕಿ ಅಲ್ಲ. ಬೇರೆ ಬೇರೆ ಪೆಟ್ಟಿಗೆಗಳಲ್ಲಿರುವ ಕನಿಷ್ಠ ಇಬ್ಬರು ಅದೇ ಮಾತು ಹೇಳುವ ತನಕ ಯಾರನ್ನೂ ಸತ್ತವರ ಪಟ್ಟಿಗೆ ಸೇರಿಸುವುದಿಲ್ಲ. ಅಷ್ಟಾದರೂ ಒಮ್ಮೊಮ್ಮೆ ಬದುಕಿದ್ದವನೇ ಪಟ್ಟಿಯಲ್ಲಿ ಸೇರಿಬಿಡುವುದುಂಟು. ಕೇಬಲ್ ಸಡಿಲವಾಗಿಯೋ ಸ್ವಿಚ್ಚು ಮಂಕಾಗಿಯೋ ಅವನ ದನಿ ಹೊರಗೆ ಕೇಳಿಸಿರುವುದಿಲ್ಲ, ಅಷ್ಟೆ. ಆಗ ಆ ಓಎಸ್‌ಡಿ 'ನನ್ನನ್ನು ತಪ್ಪಾಗಿ ಡೌನ್ ಎಂದು ಗುರುತಿಸಲಾಗಿದೆ' ಎಂದು ತನ್ನ ಲಾಗಿನಲ್ಲಿ ಬರೆದು, ಮತ್ತೆ ಎದ್ದು ಬಂದು ಕೆಲಸಕ್ಕೆ ಕೂರುತ್ತದೆ. ಇಷ್ಟು ಘನತೆಯಿಂದ ಆಕ್ಷೇಪಣೆ ಸಲ್ಲಿಸುವುದನ್ನು ಮನುಷ್ಯರಲ್ಲೂ ನಾನು ಹೆಚ್ಚು ಕಂಡಿಲ್ಲ.

ಡೌನ್ ಆದ ಮೇಲೂ ಕ್ಲಸ್ಟರ್, ಅಂದರೆ ಈ ಪೆಟ್ಟಿಗೆಗಳ ಇಡೀ ಕೂಟ, ಗಡಿಬಿಡಿ ಮಾಡುವುದಿಲ್ಲ. 600 ಸೆಕೆಂಡು ಕಾಯುತ್ತದೆ. ಸರ್ವರ್ ಯಾರೋ ರೀಬೂಟ್ ಮಾಡಿದ್ದಾರೋ ಏನೋ, ವಾಪಸು ಬಂದರೂ ಬರಬಹುದು ಎಂಬ ಸೌಜನ್ಯ. ಬರದೇ ಹೋದರೆ ಆಗ ಅವನನ್ನು 'ಔಟ್' ಮಾಡಿ, ಅವನಲ್ಲಿದ್ದ ಪ್ರತಿಗಳನ್ನು ಉಳಿದ ಡಿಸ್ಕುಗಳಲ್ಲಿ ಮತ್ತೆ ಬರೆಯಲು ಶುರುಮಾಡುತ್ತದೆ. ಪ್ರತಿಯೊಂದು ತುಣುಕೂ ಮೂರು ಕಡೆ ಇರಬೇಕೆಂಬುದು ಅದರ ವ್ರತ. ಹಳೆಯ ಕಾಲದ ರೇಯ್ಡ್ ವ್ಯವಸ್ಥೆಯಲ್ಲಿ ಸತ್ತ ಡಿಸ್ಕಿನ ಪೂರ್ತಿ ಭಾರವನ್ನು ಒಂದೇ ಒಂದು ಹೊಸ ಡಿಸ್ಕು ಹೊತ್ತು ದಿನಗಟ್ಟಲೆ ಏದುಸಿರು ಬಿಡಬೇಕಿತ್ತು. ಇಲ್ಲಿ ಎಲ್ಲ ಡಿಸ್ಕುಗಳೂ ತಲಾ ಒಂದಿಷ್ಟು ಹಂಚಿಕೊಳ್ಳುವುದರಿಂದ ಬೇಗ ಮುಗಿಯುತ್ತದೆ.

ಇಡೀ ವ್ಯವಹಾರದಲ್ಲಿ ಅಪಾಯದ ಗಳಿಗೆ ಎಂದರೆ ಆ ಹತ್ತು ನಿಮಿಷ. ಯಾಕೆಂದರೆ ಅಡ್ಮಿನಿಸ್ಟ್ರೇಟರ್ ಎಂಬ ಪ್ರಾಣಿ ಎಚ್ಚರವಾಗಿದೆ, ಅದರ ಮುಂದೆ ಕೀಬೋರ್ಡ್ ಇದೆ, ಕೈ ಚುರುಗುಟ್ಟುತ್ತಿದೆ. ಇನ್ನೊಂದು ಕಡೆ ಕೆಲಸ ಮಾಡುವ ಗೆಳೆಯ ತಮ್ಮಲ್ಲಿಗೆ ಬಂದ ಹೊಸ ಹುಡುಗನೊಬ್ಬನ ಕಥೆ ಹೇಳುತ್ತಿದ್ದ. ಹುಡುಗ ಎಚ್ಚರಿಕೆ ಕಂಡವನೇ ಡಿಸ್ಕನ್ನು ತಾನೇ ಔಟ್ ಮಾಡಿದ. ಪರದೆಯ ಮೇಲೆ ಜಾಗ ಬದಲಿಸಬೇಕಾದ ಡೇಟಾದ ಶೇಕಡಾವಾರು ಏರಿದ್ದು ನೋಡಿ ಗಾಬರಿಯಾಗಿ ಮತ್ತೆ ಇನ್ ಮಾಡಿದ. ಪಕ್ಕದ್ದು ನಿಧಾನವಾಗಿದೆ ಅನ್ನಿಸಿ ಅದನ್ನೂ ರೀಸ್ಟಾರ್ಟ್ ಮಾಡಿದ. ಒಂದೆರಡರ ತೂಕ, ಅಂದರೆ ಅವು ಹೊರಬೇಕಾದ ಡೇಟಾದ ಪಾಲು, ಕಡಿಮೆ ಮಾಡಿದ. ಅವನು ಮುಟ್ಟಿದಾಗಲೆಲ್ಲ ಕ್ಲಸ್ಟರಿನ ನಕ್ಷೆ, ಅಂದರೆ ಯಾವ ಡಿಸ್ಕು ಲೆಕ್ಕದಲ್ಲಿದೆ ಎಂಬ ಪಟ್ಟಿ, ಬದಲಾಗಿ ಡೇಟಾ ಹೊಸ ದಿಕ್ಕಿಗೆ ಹೊರಟಿತು. ಬೆಳಗಿನ ಹೊತ್ತಿಗೆ ಡಿಸ್ಕಿನ ಸಾವಿನಿಂದ ಸರಿದ ಡೇಟಾಕ್ಕಿಂತ ಹುಡುಗನ ಕಾಳಜಿಯಿಂದ ಸರಿದ ಡೇಟಾ ಎಷ್ಟೋ ಪಾಲು ಹೆಚ್ಚಾಗಿತ್ತಂತೆ. ಏನೂ ಕಳೆದುಹೋಗಲಿಲ್ಲ. ಆದರೆ ಅವತ್ತು ಮಧ್ಯಾಹ್ನದವರೆಗೆ ಯಾವ ಬಳಕೆದಾರನ ಫೈಲೂ ಸಲೀಸಾಗಿ ತೆರೆಯಲಿಲ್ಲ.

ಅಷ್ಟಕ್ಕೂ ಡಿಸ್ಕ್ ಸಾಯುವುದು ಸುದ್ದಿಯೇ ಅಲ್ಲ. ತಯಾರಕರ ಕಾಗದದಲ್ಲಿ ಹತ್ತು ಲಕ್ಷ ಗಂಟೆಗೊಂದು ವೈಫಲ್ಯ ಎಂದು ಬರೆದಿರುತ್ತದೆ. ಭಾಗಿಸಿ ನೋಡಿದರೆ 114 ವರ್ಷ. ಹಾರ್ಡ್ ಡಿಸ್ಕ್ ಎಂಬ ಜಾತಿಯೇ ಭೂಮಿಗೆ ಬಂದದ್ದು 1956ರಲ್ಲಿ. ಕುಲದ ಮೂಲಪುರುಷನಿಗೇ ಇನ್ನೂ ಅಷ್ಟು ವಯಸ್ಸಾಗಿಲ್ಲ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಬಿಯಾಂಕಾ ಶ್ರೋಡರ್ ಮತ್ತು ಗಾರ್ತ್ ಗಿಬ್ಸನ್ ಸುಮಾರು ಒಂದು ಲಕ್ಷ ಡಿಸ್ಕುಗಳ ಲೆಕ್ಕ ತೆಗೆದು 2007ರಲ್ಲಿ ಪ್ರಕಟಿಸಿದರು. ಕಾಗದದ ಪ್ರಕಾರ ವರ್ಷಕ್ಕೆ ನೂರರಲ್ಲಿ ಒಂದೂ ಹೋಗಬಾರದು. ನಿಜದಲ್ಲಿ ಎರಡರಿಂದ ನಾಲ್ಕು ಬದಲಾಗುವುದು ಮಾಮೂಲು, ಕೆಲವು ಕಡೆ 13ರವರೆಗೂ ಹೋಗಿತ್ತು. ಬೈದರೆ ಸರಿಹೋದೀತೆಂಬ ಆಸೆಯೂ ಬೇಡ. 2008ರ ಕೊನೆಯಲ್ಲಿ ಸನ್ ಮೈಕ್ರೋಸಿಸ್ಟಮ್ಸ್‌ನ ಬ್ರೆಂಡನ್ ಗ್ರೆಗ್ ಎಂಬ ಎಂಜಿನಿಯರು ಡಿಸ್ಕುಗಳ ಸಾಲಿನ ಮುಂದೆ ನಿಂತು ಗಂಟಲು ಹರಿಯುವಂತೆ ಕೂಗಿ ವೀಡಿಯೊ ಮಾಡಿದ. ಕೂಗಿದಾಗೆಲ್ಲ ಕಂಪನಕ್ಕೆ ಡಿಸ್ಕುಗಳ ಓದು ಬರಹ ನಿಧಾನವಾದದ್ದು ಗ್ರಾಫಿನಲ್ಲಿ ಎದ್ದು ಕಾಣುತ್ತದೆ. ಈ ಸಂಗತಿಯನ್ನು ನಮ್ಮ ಮೇಲಧಿಕಾರಿಗಳಿಗೆ ನಾನು ಒಂದಕ್ಕಿಂತ ಹೆಚ್ಚು ಸಲ ತೋರಿಸಿದ್ದೇನೆ. ಅವರು ಅದನ್ನು ಡಿಸ್ಕಿನ ವಿಚಾರವೆಂದೇ ತಿಳಿದರು.

ಈ ಸೆಫ್ ಹುಟ್ಟಿದ್ದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಕ್ರೂಜ್ ಕ್ಯಾಂಪಸ್ಸಿನಲ್ಲಿ. ಸೇಜ್ ವೈಲ್ ಎಂಬವರು ಪಿಎಚ್.ಡಿ.ಗಾಗಿ ಕಟ್ಟಿದ್ದು, 2006ರಲ್ಲಿ ವಿಷಯ ಪ್ರಕಟವಾಯಿತು, ಮರುವರ್ಷ ಪದವಿ ಬಂತು. ಅವರ ಕೈಚಳಕವಿರುವುದು ಕ್ರಶ್ ಎಂಬ ಲೆಕ್ಕಾಚಾರದಲ್ಲಿ. ಯಾವ ವಸ್ತು ಎಲ್ಲಿದೆ ಎಂದು ಬರೆದಿಟ್ಟ ಪುಸ್ತಕ ಸೆಫ್‌ನಲ್ಲಿ ಇಲ್ಲವೇ ಇಲ್ಲ. ವಸ್ತುವಿನ ಹೆಸರನ್ನೂ ಕ್ಲಸ್ಟರಿನ ನಕ್ಷೆಯನ್ನೂ ಲೆಕ್ಕಕ್ಕೆ ಹಾಕಿದರೆ ಜಾಗ ತಾನಾಗಿ ಹೊರಬೀಳುತ್ತದೆ. ಯಾರು ಲೆಕ್ಕ ಹಾಕಿದರೂ ಅದೇ ಉತ್ತರ. ಪುಸ್ತಕವಿಲ್ಲ, ಹಾಗಾಗಿ ಪುಸ್ತಕ ಕಳೆದುಹೋಗುವ ಭಯವಿಲ್ಲ, ಪುಸ್ತಕ ಇಟ್ಟುಕೊಂಡವನ ಮುಂದೆ ಸಾಲುಗಟ್ಟುವ ಕರ್ಮವೂ ಇಲ್ಲ.

ಇದನ್ನು ಆಡಿಟರಿಗೆ ಹೇಳಿ ಒಪ್ಪಿಸುವುದು ಬೇರೆಯೇ ವಿದ್ಯೆ. ಬಂದವರು 'ಈ ಗ್ರಾಹಕರ ಡೇಟಾ ಎಲ್ಲಿದೆ, ತೋರಿಸಿ' ಎಂದರು. ರ‍್ಯಾಕ್ ತೋರಿಸಿದೆ. 'ಯಾವ ಡಿಸ್ಕಿನಲ್ಲಿ?' ಎಂದರು. ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಎಂದೆ. ಫೈಲನ್ನು ನಾಲ್ಕು ನಾಲ್ಕು ಎಂಬಿಯ ತುಣುಕು ಮಾಡಿ ಇಡೀ ಕ್ಲಸ್ಟರಿಗೆ ಹರಡಿರುತ್ತದೆ, ಬೇಕಾದರೆ ಒಂದೊಂದು ತುಣುಕಿನ ವಿಳಾಸವನ್ನೂ ಕಮಾಂಡಿನಿಂದ ಕೇಳಬಹುದು ಎಂದು ಕೇಳಿಯೂ ತೋರಿಸಿದೆ. ಅವರ ಮುಖ ಅರಳಿತು. ಆ ಕಮಾಂಡಿನ ಗುಟ್ಟು ಮಾತ್ರ ನಾನು ಬಿಚ್ಚಿಡಲಿಲ್ಲ. ಇಲ್ಲದ ವಸ್ತುವಿನ ಹೆಸರು ಹೇಳಿದರೂ ಅದು ಅಷ್ಟೇ ಗಂಭೀರವಾಗಿ ವಿಳಾಸ ಕೊಡುತ್ತದೆ. ಅದು ಹೋಗಿ ಹುಡುಕುವುದಿಲ್ಲ, ಲೆಕ್ಕ ಹಾಕುತ್ತದೆ ಅಷ್ಟೆ. ಒಂದು ಸಂಜೆ ಬೇಸರಕ್ಕೆ 'ಉಪ್ಪಿಟ್ಟು' ಎಂಬ ವಸ್ತು ಎಲ್ಲಿದೆ ಎಂದು ಕೇಳಿದ್ದೆ. ಮೂರು ಡಿಸ್ಕುಗಳ ಸಂಖ್ಯೆ ಹೇಳಿ, ಅದರಲ್ಲಿ ಹಿರಿಯ ಪ್ರತಿ ಯಾವುದೆಂದೂ ತಿಳಿಸಿತು.

ಡಿಸ್ಕ್ ಬದಲಿಸುವ ಪ್ರಸಂಗಕ್ಕೆ ಬರುತ್ತೇನೆ. ಕಮಾಂಡ್ ಹೊಡೆಯುವ ನಾನು ಒಂದು ಕಡೆ, ಡಿಸ್ಕ್ ಕೀಳುವ ತಂತ್ರಜ್ಞ ಇನ್ನೊಂದು ಕಡೆ. ನಮ್ಮಿಬ್ಬರ ನಡುವೆ ಸಿಲ್ಕ್ ಬೋರ್ಡ್ ಜಂಕ್ಷನ್ ಇರುವುದರಿಂದ ಎಲ್ಲ ವ್ಯವಹಾರವೂ ಫೋನಿನಲ್ಲೇ.

'ಸಾರ್, ಹನ್ನೊಂದನೇದು ತಾನೇ?'

'ಹ್ಞೂ, ಸ್ಲಾಟ್ ಹನ್ನೊಂದು.'

'ಎಡಗಡೆಯಿಂದ?'

'ಎಡಗಡೆಯಿಂದ.'

'ತೆಗೆದೆ ಸಾರ್.'

ಪರದೆಯ ಮೇಲೆ ಗುಂಡುಕಲ್ಲಿನಂತಿದ್ದ ಇನ್ನೊಂದು ಓಎಸ್‌ಡಿ ಡೌನ್ ಆಯಿತು. ಪೆಟ್ಟಿಗೆ ಸೊನ್ನೆಯಿಂದ ಎಣಿಸುತ್ತದೆ; ಆತ ಎಲ್ಲ ಮರ್ಯಾದಸ್ಥರ ಹಾಗೆ ಒಂದರಿಂದ ಎಣಿಸಿದ್ದ. ಇದರಲ್ಲಿ ಅವನನ್ನು ದೂರುವುದಕ್ಕೇನೂ ಇಲ್ಲ. ಬೆವರುವುದಕ್ಕೂ ಏನೂ ಇರಲಿಲ್ಲ. ಒಂದೇ ತುಣುಕಿನ ಎರಡು ಪ್ರತಿ ಒಂದೇ ಪೆಟ್ಟಿಗೆಯಲ್ಲಿ ಇರಕೂಡದೆಂದು ಕ್ರಶ್‌ಗೆ ನಿಯಮ ಹಾಕಿಟ್ಟಿರುತ್ತೇವೆ. ಹಾಗಾಗಿ ಸತ್ತದ್ದರ ಪಕ್ಕದ್ದನ್ನು ಕಿತ್ತರೂ, ಆ ಪೆಟ್ಟಿಗೆಯ ಅಷ್ಟೂ ಡಿಸ್ಕುಗಳನ್ನು ಕಿತ್ತು ನೆಲದ ಮೇಲೆ ಜೋಡಿಸಿದರೂ, ಯಾವ ತುಣುಕೂ ಒಂದಕ್ಕಿಂತ ಹೆಚ್ಚು ಪ್ರತಿ ಕಳೆದುಕೊಳ್ಳುವುದಿಲ್ಲ. ಮೂರರಲ್ಲಿ ಎರಡು ಉಳಿದಿದ್ದರೆ ಕೆಲಸ ನಡೆಯುತ್ತದೆ. ಬೇರೆ ಪೆಟ್ಟಿಗೆಯಲ್ಲೂ ಒಂದು ಹೋಗಿ ಒಂದೇ ಪ್ರತಿ ಉಳಿಯಿತೋ, ಆಗ ಆ ಭಾಗಕ್ಕೆ ಓದು ಬರಹ ಎರಡನ್ನೂ ನಿಲ್ಲಿಸಿಬಿಡುತ್ತದೆ. ಕೊನೆಯ ಪ್ರತಿಯನ್ನು ಇಟ್ಟುಕೊಂಡು ಸಾಹಸ ಮಾಡುವ ಜಾಯಮಾನ ಅದರದ್ದಲ್ಲ. ಪಕ್ಕದ ಡಿಸ್ಕನ್ನು ಕೀಳುವವನೊಬ್ಬ ಲೋಕದಲ್ಲಿ ಇದ್ದೇ ಇರುತ್ತಾನೆ ಎಂದು ಮೊದಲೇ ಅಂದಾಜು ಮಾಡಿ ಕಟ್ಟಿದ ವ್ಯವಸ್ಥೆ ಇದು. ಈಗ ನಾವು ಸಂಖ್ಯೆಯ ಉಸಾಬರಿಗೇ ಹೋಗುವುದಿಲ್ಲ. ಡಿಸ್ಕಿನ ಪುಟ್ಟ ದೀಪ ಮಿಣುಕುವಂತೆ ಮಾಡುವ ಕಮಾಂಡ್ ಇದೆ. ಹೊಡೆದು, 'ಮಿಣುಕ್ತಾ ಇದೆಯಲ್ಲ, ಅದು' ಎನ್ನುತ್ತೇನೆ. 'ಎಲ್ಲಾನೂ ಮಿಣುಕ್ತಾ ಇದೆ ಸಾರ್' ಎಂಬ ಉತ್ತರವೂ ಒಮ್ಮೆ ಬಂದದ್ದುಂಟು. ಹಸಿರು ದೀಪ ಬೇರೆ, ಕಿತ್ತಳೆ ದೀಪ ಬೇರೆ.

ಇನ್ನು ಮಾನಿಟರುಗಳು. ಡೌನ್ ಯಾರು, ಔಟ್ ಯಾರು, ಸದ್ಯದ ನಕ್ಷೆ ಯಾವುದು ಎಂದು ನಿರ್ಧರಿಸುವುದು ಇವೇ. ಮೂರೋ ಐದೋ ಇರುತ್ತವೆ, ಬೆಸವೇ ಇರಲಿ ಎಂಬುದು ವಾಡಿಕೆ. ಅರ್ಧಕ್ಕಿಂತ ಹೆಚ್ಚು ಮಂದಿ ಹಾಜರಿದ್ದರೆ ಮಾತ್ರ ಸಭೆ. ಇದು ನಮಗೆ ಹೊಸದೇನಲ್ಲ. ಊರಿನ ಸಹಕಾರ ಸಂಘದ ಮಹಾಸಭೆಯ ನೋಟೀಸಿನ ಕೊನೆಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲಿರುತ್ತದೆ: ಕೋರಂ ಇಲ್ಲದಿದ್ದಲ್ಲಿ ಸಭೆಯನ್ನು ಅರ್ಧ ಗಂಟೆ ಮುಂದೂಡಿ, ಅದೇ ಸ್ಥಳದಲ್ಲಿ ಮತ್ತೆ ಸೇರಿಸಲಾಗುವುದು, ಆಗ ಕೋರಂ ಅಗತ್ಯವಿರುವುದಿಲ್ಲ. ಈ ಸಾಲು ಗೊತ್ತಿದ್ದವರು ಅರ್ಧ ಗಂಟೆ ತಡವಾಗಿಯೇ ಬರುತ್ತಾರೆ. ಮಾನಿಟರುಗಳ ಬೈಲಾದಲ್ಲಿ ಇಂಥ ಸಾಲು ಇಲ್ಲ. ಮೂರರಲ್ಲಿ ಇಬ್ಬರು ಇಲ್ಲವಾದರೆ ಉಳಿದ ಒಬ್ಬ ಅರ್ಧ ಗಂಟೆಯಲ್ಲ, ಅರ್ಧ ವರ್ಷವಾದರೂ ಬಾಯಿ ಬಿಡುವುದಿಲ್ಲ. 'ಸೆಫ್ ಡ್ಯಾಶ್ ಎಸ್' ಹೊಡೆದರೂ ಉತ್ತರವಿಲ್ಲ. ಕರ್ಸರ್ ಮಿಣುಕುತ್ತಾ ನಿಂತಿರುತ್ತದೆ. ಸಮಯಪಾಲನೆಯಲ್ಲೂ ಸಂಘಕ್ಕೂ ಇವಕ್ಕೂ ಅಜಗಜಾಂತರ. ಮಾನಿಟರುಗಳ ಗಡಿಯಾರಗಳ ನಡುವೆ 0.05 ಸೆಕೆಂಡಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ದೂರು ಶುರು.

ಈ ಸಭಾ ಪದ್ಧತಿಯ ಮೂಲ ಲೆಸ್ಲಿ ಲ್ಯಾಂಪೋರ್ಟ್ ಎಂಬ ವಿಜ್ಞಾನಿಯದು; ಹೆಸರು ಪ್ಯಾಕ್ಸೋಸ್. ಆತ 1990ರಲ್ಲಿ ಅದನ್ನು ಲೇಖನವಾಗಿ ಬರೆದಾಗ, ಗ್ರೀಸಿನ ಪ್ಯಾಕ್ಸೋಸ್ ದ್ವೀಪದಲ್ಲಿ ಹಿಂದೆ ಒಂದು ಶಾಸನಸಭೆ ಇತ್ತು, ಅದರ ಸದಸ್ಯರು ಮನಸ್ಸು ಬಂದಾಗ ಬಂದು ಮನಸ್ಸು ಬಂದಾಗ ಎದ್ದು ಹೋಗುತ್ತಿದ್ದರು, ಆದರೂ ಕಾನೂನು ಪುಸ್ತಕದಲ್ಲಿ ಗೊಂದಲವಾಗುತ್ತಿರಲಿಲ್ಲ ಎಂದು ಕಥೆ ಕಟ್ಟಿದ. ಉಪನ್ಯಾಸಕ್ಕೆ ದೊಡ್ಡ ಟೋಪಿ ಹಾಕಿಕೊಂಡು ಸಿನಿಮಾದ ಪುರಾತತ್ತ್ವಜ್ಞನ ವೇಷದಲ್ಲೂ ಬಂದ. ಯಾರೂ ನಗಲಿಲ್ಲ, ಯಾರಿಗೂ ಅರ್ಥವೂ ಆಗಲಿಲ್ಲ. ಪರಿಶೀಲಕರು ಗ್ರೀಕ್ ಕಥೆ ತೆಗೆಯಿರಿ ಎಂದರು. ಲ್ಯಾಂಪೋರ್ಟ್ ಸಿಟ್ಟಾಗಿ ಲೇಖನವನ್ನೇ ಮೂಲೆಗಿಟ್ಟ. ಅದು ಅಚ್ಚಾದದ್ದು 1998ರಲ್ಲಿ. ಇವತ್ತು ಜಗತ್ತಿನ ಎಷ್ಟೋ ಕ್ಲಸ್ಟರುಗಳು ನಿಂತಿರುವುದು ಆ ಹಾಸ್ಯ ಲೇಖನದ ಮೇಲೆ. ಲಲಿತ ಪ್ರಬಂಧ ಬರೆಯುವವರು ಎದೆಗುಂದಬಾರದು.

ಜಾಗದ ಲೆಕ್ಕವನ್ನು ಹೆಚ್ಚು ಬೆಳೆಸುವುದಿಲ್ಲ. ಅದು ಜಗಳದ ವಿಷಯ. ನೂರು ಟಿಬಿ ಡಿಸ್ಕ್ ಕೊಂಡರೆ, ಮೂರು ಪ್ರತಿಯ ಕಾರಣದಿಂದ, ಕೈಗೆ ಸಿಗುವುದು ಮೂವತ್ಮೂರು. ಶೇ. 85 ತುಂಬಿದರೆ ಎಚ್ಚರಿಕೆ, 95 ತುಂಬಿದರೆ ಬರೆಯುವುದೇ ಬಂದ್, ಅದೂ ಸರಾಸರಿಯಲ್ಲಲ್ಲ, ಯಾವುದೋ ಒಂದು ಡಿಸ್ಕು 95 ಮುಟ್ಟಿದರೂ ಸಾಕು. 'ಇನ್ನೂ ಅಷ್ಟು ಖಾಲಿ ಇದೆಯಲ್ಲ?' ಎಂದು ಖರೀದಿ ವಿಭಾಗದವರು ಕೇಳುತ್ತಾರೆ. ಲೆಕ್ಕದಲ್ಲಿ ಅವರೇ ಸರಿ.

ಸೆಫ್ ಎಂಬ ಹೆಸರು ಬಂದದ್ದು ಸೆಫಲೋಪಾಡ್ ಎಂಬ ಕುಲದಿಂದ. ಆಕ್ಟೋಪಸ್ಸು, ಮಂಗಳೂರಿನವರು ಬೊಂಡಾಸು ಎಂದು ಘೀ ರೋಸ್ಟ್ ಮಾಡುವ ಸ್ಕ್ವಿಡ್ಡು ಎಲ್ಲ ಅದೇ ಬಳಗ. ಸಾಂತಾ ಕ್ರೂಜ್ ಕ್ಯಾಂಪಸ್ಸಿನ ಲಾಂಛನ ಚಿಪ್ಪಿಲ್ಲದ ಹಳದಿ ಬಸವನಹುಳು, ಅದರ ನೆಂಟರು ಇವರು. ಆಕ್ಟೋಪಸ್ಸಿಗೆ ಮೂರು ಹೃದಯ, ನರಕೋಶಗಳಲ್ಲಿ ಮೂರನೇ ಎರಡು ಪಾಲು ತೋಳುಗಳಲ್ಲೇ ಇದೆಯಂತೆ. ತಲೆಯನ್ನು ಕೇಳದೆ ತೋಳುಗಳೇ ಎಷ್ಟೋ ಕೆಲಸ ಮುಗಿಸುತ್ತವೆ. ನಾನು ತಲೆಯ ಜಾಗದಲ್ಲಿ ಕೂತವನಾದ್ದರಿಂದ ಈ ವಿವರ ನನಗೆ ಮುಖ್ಯ. ಆವೃತ್ತಿಗಳ ಹೆಸರೂ ಅದೇ ಕುಲದ್ದು, ಇಂಗ್ಲಿಷ್ ಅಕ್ಷರಕ್ರಮದಲ್ಲಿ: 2012ರಲ್ಲಿ ಆರ್ಗೊನಾಟ್, 2019ರಲ್ಲಿ ನಾಟಿಲಸ್, 2020ರಲ್ಲಿ ಆಕ್ಟೋಪಸ್, 2024ರಲ್ಲಿ ಸ್ಕ್ವಿಡ್. ಕ್ಯೂ ಅಕ್ಷರಕ್ಕೆ ಯಾವ ಪ್ರಾಣಿಯೂ ಒದಗದೆ ಮಕ್ಕಳ ಕಾರ್ಟೂನಿನ ಪಾತ್ರವೊಂದರ ನಡು ಹೆಸರನ್ನು ಎರವಲು ತಂದರು. ಕನ್ನಡ ವರ್ಣಮಾಲೆ ಹಿಡಿದಿದ್ದರೆ ಇನ್ನೂ ಬಹಳ ವರ್ಷ ನಿಶ್ಚಿಂತೆಯಾಗಿರಬಹುದಿತ್ತು, ಙ ಬಂದ ವರ್ಷ ಒಂದನ್ನು ಬಿಟ್ಟು.

ಬಣ್ಣಬಣ್ಣದ ಡ್ಯಾಶ್‌ಬೋರ್ಡ್ ಇರುವಾಗ ಈ ಕಪ್ಪು ಪರದೆ ಯಾಕೆ ಎಂದು ಕೇಳುವವರಿದ್ದಾರೆ. ಡ್ಯಾಶ್‌ಬೋರ್ಡಿನಲ್ಲಿ ಗುಂಡಿ ಒತ್ತುವುದು ತೀರಾ ಸುಲಭ, ಅದೇ ಅದರ ದೋಷ. ಕಮಾಂಡ್ ಆದರೆ ಅಕ್ಷರ ಅಕ್ಷರವಾಗಿ ಬರೆಯಬೇಕು. ಬರೆಯುವಾಗ ಯೋಚನೆ ಬರುವ ಸಾಧ್ಯತೆಯಿದೆ. ಪಳಗಿದವರು ಸಾಲಿನ ಮೊದಲಿಗೆ ಒಂದು ಹ್ಯಾಶ್ ಚಿಹ್ನೆ ಹಾಕಿಕೊಂಡು ಆಮೇಲೆ ಕಮಾಂಡ್ ಬರೆಯುತ್ತಾರೆ. ಹ್ಯಾಶ್ ಇದ್ದರೆ ಅದು ಬರೀ ಟಿಪ್ಪಣಿ, ಕೈ ತಪ್ಪಿ ಎಂಟರ್ ಬಿದ್ದರೂ ಏನೂ ಆಗುವುದಿಲ್ಲ. ಬರೆದು, ಗಟ್ಟಿಯಾಗಿ ಓದಿ, ಎದ್ದು ಹೋಗಿ ಕಾಫಿ ಕುಡಿದು ಬಂದು, ಮತ್ತೊಮ್ಮೆ ಓದಿ, ಹೋಮ್ ಕೀಲಿ ಒತ್ತಿ ಹ್ಯಾಶ್ ಅಳಿಸಬೇಕು. ಕಾಫಿ ಕುಡಿದು ಬರುವಷ್ಟರಲ್ಲಿ ಕ್ಲಸ್ಟರ್ ತಾನೇ ಸರಿಯಾಗಿ, ಪರದೆಯ ಮೇಲೆ 'ಹೆಲ್ತ್ ಓಕೆ' ಬಂದು ಕೂತಿದ್ದನ್ನು ನಾನು ಕಂಡಿದ್ದೇನೆ. ಆ ಕಮಾಂಡುಗಳೆಲ್ಲ ಹ್ಯಾಶ್ ಸಮೇತ ಇವತ್ತಿಗೂ ನನ್ನ ಹಿಸ್ಟರಿ ಫೈಲಿನಲ್ಲಿವೆ.

ತೊಂದರೆ ಬರುವುದು ಆಮೇಲೆ, ವರದಿ ಬರೆಯುವಾಗ. ರಾತ್ರಿ ಫೋನು ಕಿರುಚಿದೆ ಎಂದ ಮೇಲೆ ಬೆಳಿಗ್ಗೆ ಘಟನಾ ವರದಿ ಆಗಲೇಬೇಕು. ಘಟನೆ: ಡಿಸ್ಕ್ ವೈಫಲ್ಯ. ಮೂಲ ಕಾರಣ: ಡಿಸ್ಕ್ ವೈಫಲ್ಯ. ಇಲ್ಲಿಯವರೆಗೆ ಸಲೀಸು. 'ತೆಗೆದುಕೊಂಡ ಕ್ರಮ' ಎಂಬ ಕಾಲಂ ಬಂದಾಗ ಬೆರಳು ನಿಲ್ಲುತ್ತದೆ. ಏನೂ ಇಲ್ಲ ಎಂದು ಬರೆದರೆ ಕೆಲಸಗಳ್ಳ, ಖಾಲಿ ಬಿಟ್ಟರೆ ಫಾರಂ ಮುಂದಕ್ಕೆ ಹೋಗುವುದಿಲ್ಲ. ಯೋಚಿಸಿ, 'ಪರಿಸ್ಥಿತಿಯನ್ನು ನಿರಂತರವಾಗಿ ಗಮನಿಸಲಾಯಿತು' ಎಂದು ತುಂಬಿದೆ. ಅದರ ಕೆಳಗೆ ಇನ್ನೊಂದು ಕಾಲಂ: 'ಇದು ಮರುಕಳಿಸದಂತೆ ಕೈಗೊಳ್ಳುವ ಕ್ರಮ'. 'ಗಮನಿಸುವುದನ್ನು ಮುಂದುವರಿಸಲಾಗುವುದು' ಎಂದು ಬರೆದು ಕಳಿಸಿದೆ. ಮ್ಯಾನೇಜರು ಮಧ್ಯಾಹ್ನದೊಳಗೆ ಅನುಮೋದಿಸಿದರು. ಮುಂದೆ ತಂಡದ ಎಲ್ಲರೂ ವರದಿಯನ್ನು ಇಷ್ಟೇ ಸ್ಪಷ್ಟವಾಗಿ ಬರೆಯತಕ್ಕದ್ದೆಂದು ಒಂದು ಮೇಲನ್ನೂ ಹಾಕಿದರು.